ನನ್ನದೇನಿದೆ ಇದರಲ್ಲಿ

ಮುಲಾಮಕ್ಕನಿಗೆ ಹೆಸರು ಮೊದಲು ಬಂತು, ಮುಲಾಮು ಆಮೇಲೆ. ನಡುವೆ ಹನ್ನೊಂದು ವರ್ಷ. ಅಷ್ಟೂ ವರ್ಷ ಬೀದಿಯವರು ಹಾಗೆ ಕರೆದದ್ದು ಗೌರವಕ್ಕಲ್ಲ, ಗೇಲಿಗೆ. ಶಾಲೆಯ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದಿಡುವ ಹೆಂಗಸು ಸಂಜೆ ಮನೆಗೆ ಬಂದು ಒಲೆ ಮುಂದೆ ಕೂತು ಮೇಣ ಕರಗಿಸುವುದು, ಎಣ್ಣೆ ಬೆರೆಸುವುದು, ಬೆರಳಲ್ಲಿ ತೀಡಿ ನೋಡುವುದು, ಆಮೇಲೆ ಅಷ್ಟನ್ನೂ ಕಸಕ್ಕೆ ಸುರಿಯುವುದು. ದಿನಾ ಇದೇ ಆದರೆ ಯಾರು ತಾನೇ ನಗುವುದಿಲ್ಲ? ಆಕೆಯೂ ನಗುತ್ತಿದ್ದಳು. ನಗುತ್ತಲೇ ಮರುದಿನ ಇನ್ನೊಂದು ಪಾತ್ರೆ ಒಲೆಗಿಡುತ್ತಿದ್ದಳು.

ಆಕೆ ಹಟ ಹಿಡಿದದ್ದು ತಾಯಿಯ ಹಿಮ್ಮಡಿಗಾಗಿ. ತಾಯಿ ಲಾಂಡ್ರಿಯೊಂದರ ಒದ್ದೆ ನೆಲದ ಮೇಲೆ ಮೂವತ್ತು ವರ್ಷ ನಿಂತು ದುಡಿದವಳು. ಹಿಮ್ಮಡಿಯ ಬಿರುಕು ಎಂಥದೆಂದರೆ, ಮಲಗಿದವಳು ಮಗ್ಗುಲು ಬದಲಿಸಿದರೆ ಹೊದಿಕೆಯ ದಾರ ಅದಕ್ಕೆ ಸಿಕ್ಕಿ ಎಳೆಯುತ್ತಿತ್ತು. ಅಜ್ಜಿಯ ಹಿಮ್ಮಡಿಯೂ ಹಾಗೇ ಇತ್ತಂತೆ, ಅಜ್ಜಿಯ ಅಮ್ಮನದೂ. ಆ ಮನೆಯ ಹೆಂಗಸರು ಒಬ್ಬರಿಂದ ಒಬ್ಬರಿಗೆ ದಾಟಿಸಿದ ಆಸ್ತಿ ಅದೊಂದೇ. ಏಳನೆಯ ವರ್ಷದಲ್ಲಿ, ಮುಲಾಮು ಇನ್ನೂ ಗಂಟುಗಂಟಾಗಿ ಕೈಕೊಡುತ್ತಿದ್ದಾಗಲೇ ತಾಯಿ ತೀರಿಕೊಂಡಳು. ಹೋಗುವಾಗಲೂ ಹಿಮ್ಮಡಿ ಬಿರಿದೇ ಇತ್ತು.

ಕೊನೆಗೆ ದಾರಿ ತೋರಿಸಿದ್ದು ಲ್ಯಾಬು. ಗ್ಲಿಸರಿನ್ ಬಾಟಲಿ ತೊಳೆದ ದಿನ ಕೈ ಮೆತ್ತಗಿರುವುದು ಆಕೆಯ ಗಮನಕ್ಕೆ ಬಂತು. ಆದರೆ ಅದು ಎಣ್ಣೆಯ ಜೊತೆ ಸೇರದು. ಸೇರಿಸಲು ಚಿಟಿಕೆ ಬಿಳಿಗಾರ ಬೇಕು. ಒಂದು ಪಾತ್ರೆಯಲ್ಲಿ ಮೇಣ ಮತ್ತು ಎಣ್ಣೆ, ಇನ್ನೊಂದರಲ್ಲಿ ನೀರು, ಗ್ಲಿಸರಿನ್, ಬಿಳಿಗಾರ. ಎರಡೂ ಎಪ್ಪತ್ತೆರಡು ಡಿಗ್ರಿ ಮುಟ್ಟಿದಾಗ ಒಂದಕ್ಕೊಂದು ಸುರಿಯಬೇಕು. ಈ ಮೂರು ಸಾಲು ಕಂಡುಕೊಳ್ಳಲು ಹದಿನಾಲ್ಕು ನೋಟುಬುಕ್ಕು ತುಂಬಿದವು. ಹಿಂದಿನ ರಟ್ಟಿನ ಮೇಲೆ ಮಗ್ಗಿ ಅಚ್ಚಾಗಿರುವ, ಮಕ್ಕಳು ಕೊಳ್ಳುವ ನೋಟುಬುಕ್ಕುಗಳು. ಇಂಥ ದಿನ, ಇಷ್ಟು ತೂಕ, ಇಷ್ಟು ಬಿಸಿ, ಕೆಟ್ಟಿತು. ಇಂಥ ದಿನ, ಇಷ್ಟು ತೂಕ, ಇಷ್ಟು ಬಿಸಿ, ಕೆಟ್ಟಿತು. ಹದಿನಾಲ್ಕನೆಯದರ ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ: ಕೂಡಿತು.

ತಾಯಿ ನಿಂತು ದುಡಿದ ಅದೇ ಲಾಂಡ್ರಿಯ ಹೆಂಗಸರು ಮೊದಲು ಹಚ್ಚಿಕೊಂಡರು. ಮೂರೇ ವಾರಕ್ಕೆ ಬಿರುಕು ಮುಚ್ಚಿತು. ಅಂದಿನಿಂದ ಮುಲಾಮಕ್ಕ ಎಂಬ ಕರೆಯಲ್ಲಿ ಗೇಲಿ ಉಳಿಯಲಿಲ್ಲ. ಔಷಧಿ ಅಂಗಡಿ ಇಟ್ಟಿದ್ದ ತಮ್ಮ ಸಣ್ಣ ಸಣ್ಣ ಡಬ್ಬಿ ತರಿಸಿ, ಅಂಗಡಿಯ ಹೆಸರಿನ ಚೀಟಿ ಅಂಟಿಸಿ ಮಾರಿದ. ಅಕ್ಕನ ಮುಲಾಮಿಗೆ ಅಂಗಡಿಯ ಹೆಸರು ಯಾಕೆ ಎಂದು ಯಾರೂ ಕೇಳಲಿಲ್ಲ, ಆಕೆಯೂ ಕೇಳಲಿಲ್ಲ. ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಇರುವವಳು ಅಂಥದ್ದನ್ನೆಲ್ಲ ಕೇಳುವುದಿಲ್ಲ.

ಹಾಗಂತ ಆಕೆಗೆ ಆಸೆ ಇರಲಿಲ್ಲವೆಂದು ತಿಳಿಯಬಾರದು. ಇತ್ತು, ಒಂದೇ ಒಂದು, ಅದೂ ಹಳೆಯದು. ಲ್ಯಾಬಿನ ಮೂವತ್ತೊಂದು ವರ್ಷದಲ್ಲಿ ಎಷ್ಟೋ ವಸ್ತುಪ್ರದರ್ಶನಗಳಿಗೆ ಆಕೆಯ ಕೈಯ ಪ್ರಯೋಗಗಳು ಹೋಗಿದ್ದವು. ಬಹುಮಾನ ತಂದಿದ್ದವು. ಗೋಡೆಗೆ ತೂಗುಹಾಕಿದ ಪ್ರಶಸ್ತಿಪತ್ರಗಳಲ್ಲಿ ವಿಜ್ಞಾನದ ಮೇಷ್ಟ್ರ ಹೆಸರಿತ್ತು, ಹೆಡ್‌ಮೇಷ್ಟ್ರ ಹೆಸರಿತ್ತು, ಬಾಡಿಗೆಗೆ ಬೆಂಚು ಕೊಟ್ಟವನ ಹೆಸರೂ ಇತ್ತು. ಪ್ರತಿ ಶನಿವಾರ ಆ ಗಾಜು ಒರೆಸುತ್ತಿದ್ದವಳು ಆಕೆಯೇ. ಒರೆಸುತ್ತ ಒರೆಸುತ್ತ ಮನಸ್ಸಿನಲ್ಲಿ ಅಂದುಕೊಂಡಿದ್ದಳು: ಸಾಯುವುದರೊಳಗೆ ಎಲ್ಲಾದರೂ ಒಂದು ಕಡೆ, ಎಷ್ಟೇ ಸಣ್ಣ ಅಕ್ಷರದಲ್ಲಾದರೂ ಸರಿ, ಇದನ್ನು ಮಾಡಿದವಳು ಇವಳು ಎಂದು ಬರೆದದ್ದನ್ನು ಕಣ್ಣಾರೆ ನೋಡಬೇಕು.

ಆದ್ದರಿಂದ ದೊಡ್ಡ ಕಂಪನಿಯೊಂದು ಈ ಮುಲಾಮನ್ನು ಹತ್ತಾರು ದೇಶಗಳಲ್ಲಿ ಮಾರುತ್ತದಂತೆ ಎಂದು ತಮ್ಮ ಊಟಕ್ಕೆ ಕೂತಾಗ ಹೇಳಿದಾಗ, ಆಕೆ ಎತ್ತಿದ ತುತ್ತನ್ನು ತಟ್ಟೆಗಿಟ್ಟು ಕೇಳಿದ್ದು ಒಂದೇ ಮಾತು.

"ಡಬ್ಬಿ ಮೇಲೆ ಯಾರ ಹೆಸರು ಹಾಕ್ತಾರೋ?"

"ನಿಂದೇ ಅಕ್ಕ, ಇನ್ಯಾರದ್ದು? ನಮ್ಮ ಪುಟ್ಟಿ ಅಲ್ಲೇ ಇದಾಳಲ್ಲ, ಎಲ್ಲಾ ನೋಡ್ಕೊಳ್ತಾಳೆ."

ಪುಟ್ಟಿ ಎಂದರೆ ತಮ್ಮನ ಮಗಳು. ಕತ್ತಿಗೆ ಕಂಪನಿಯ ಗುರುತುಪಟ್ಟಿ ಹಾಕಿಕೊಂಡು ಓಡಾಡುವ ಮೂವತ್ತರ ಹೆಂಗಸಾದರೂ ಮನೆಯಲ್ಲಿ ಪುಟ್ಟಿಯೇ. ಆ ಕಂಪನಿಯ ಇಲ್ಲಿನ ಕಚೇರಿಯಲ್ಲಿ ಅವಳದು ಮಾತು ದಾಟಿಸುವ ಕೆಲಸ: ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ. ಮುಲಾಮಿನ ವಿಷಯ ಅಲ್ಲಿಗೆ ಮುಟ್ಟಿಸಿದವಳೂ ಅವಳೇ. ಅತ್ತೆಯ ತೊಡೆಯ ಮೇಲೆ ಬೆಳೆದ ಹುಡುಗಿ. ಮುಲಾಮಿನ ಮೂರು ಸಾಲನ್ನು ಅವಳ ಕೈಗೆ ಕೊಟ್ಟರೆ ತನ್ನ ಕೈಯಲ್ಲಿದ್ದ ಹಾಗೆಯೇ ಎಂದು ಮುಲಾಮಕ್ಕ ನೆಮ್ಮದಿಯಾಗಿದ್ದಳು.

ಒಂದು ಬೆಳಿಗ್ಗೆ ಕಂಪನಿಯವರು ವ್ಯಾನಿನಲ್ಲಿ ದೀಪ, ಕ್ಯಾಮೆರಾ ಹೇರಿಕೊಂಡು ಬಂದರು. ಜೊತೆಗೆ ಹೊರದೇಶದಿಂದ ಬಂದ ಮುಖ್ಯಸ್ಥೆ. ಬೆವರು ಕಿತ್ತುಬರುವ ಸೆಖೆಯಲ್ಲೂ ಬೂದು ಕೋಟು ಕಳಚದ ಆಕೆಗೆ ಮುಲಾಮಕ್ಕ ಮನಸ್ಸಿನಲ್ಲೇ ಕೋಟಮ್ಮ ಎಂದು ಹೆಸರಿಟ್ಟಳು. ಕೋಟಮ್ಮ ಒಳ್ಳೆಯವಳೇ. ಚಪ್ಪಲಿ ಹೊರಗೆ ಬಿಟ್ಟು ಬಂದಳು, ನೀರು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಕೆಟ್ಟವಳಾಗಿದ್ದರೆ ಮುಲಾಮಕ್ಕ ಎಚ್ಚರವಾಗಿರುತ್ತಿದ್ದಳೋ ಏನೋ.

ಮೊದಲು ಥರ್ಮಾಮೀಟರಿಗೆ ಗತಿ ಕಾಣಿಸಿದರು. ಅದು ಕ್ಯಾಮೆರಾಗೆ ಚೆನ್ನಾಗಿ ಕಾಣುವುದಿಲ್ಲವಂತೆ. ಆಮೇಲೆ ಗಾಜಿನ ಕಡ್ಡಿ ಹೋಗಿ ಮರದ ಸೌಟು ಬಂತು. ಸ್ಟೀಲಿನ ಪಾತ್ರೆ ಹೋಗಿ, ವ್ಯಾನಿನಿಂದ ಹೊಚ್ಚ ಹೊಸ ಮಣ್ಣಿನ ಮಡಕೆ ಇಳಿಯಿತು. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದರು. ಕೊನೆಗೆ ಆಕೆಯ ಕನ್ನಡಕಕ್ಕೂ ಕೈಯಿಟ್ಟರು.

"ಇದನ್ನ ತೆಗೆದ್ರೆ ಮಡಕೆ ಎಲ್ಲಿದೆ ಅಂತಲೇ ಕಾಣಲ್ವಲ್ಲೇ," ಎಂದಳು ಮುಲಾಮಕ್ಕ.

"ಕಾಣೋದು ಬೇಡ ಅತ್ತೆ. ಸುಮ್ನೆ ತಿರುಗಿಸ್ತಾ ಇರಿ, ಸಾಕು," ಎಂದಳು ಪುಟ್ಟಿ.

ಮಡಕೆಯಲ್ಲಿದ್ದದ್ದು ಬಿಸಿನೀರು. ಮುಲಾಮಕ್ಕ ತಿರುಗಿಸಿದಳು. ಕೋಟಮ್ಮ ಎದುರಿಗೆ ಮಂಡಿಯೂರಿ ಕೂತು ಅದೇನೋ ಉದ್ದಕ್ಕೆ ಹೇಳಿದಳು. ಪುಟ್ಟಿ ದಾಟಿಸಿದಳು: ಇಷ್ಟು ಒಳ್ಳೆಯ ಮುಲಾಮನ್ನು ತಾನು ಎಲ್ಲೂ ನೋಡಿಲ್ಲ, ನೀವು ಬಹಳ ದೊಡ್ಡ ಕೆಲಸ ಮಾಡಿದ್ದೀರಿ, ಇದು ನಿಮಗೆ ಹೇಗೆ ಒಲಿಯಿತು ಎಂದು ಕೇಳುತ್ತಿದ್ದಾರೆ.

ಎದುರಿಗೇ ಹೊಗಳಿದಾಗ ಮುಲಾಮಕ್ಕನ ಮುಖ ಕೆಂಪಾಯಿತು. ಆಕೆ ಬೆಳೆದ ಮನೆಯಲ್ಲಿ ಹೊಗಳಿಕೆಗೆ ಉತ್ತರ ಒಂದೇ. ಸೌಟಿನ ಕಡೆ ನೋಡುತ್ತ ಆಕೆ ಅದನ್ನೇ ಹೇಳಿದಳು: "ಅಯ್ಯೋ, ನನ್ನದೇನಿದೆ ಇದರಲ್ಲಿ? ಎಲ್ಲಾ ಹಿರಿಯರು ಕೊಟ್ಟಿದ್ದು."

ನಮ್ಮಲ್ಲಿ ಈ ಮಾತಿಗೊಂದು ಜೋಡಿ ಮಾತಿದೆ. ಹೊಗಳಿಸಿಕೊಂಡವರು ತಮ್ಮ ಪಾಲನ್ನು ನೆಲಕ್ಕಿಡಬೇಕು. ಎದುರಿನವರು ಛೆ ಛೆ, ಹಾಗನ್ನಬೇಡಿ, ಎಲ್ಲಾ ನಿಮ್ಮ ಕೈಗುಣ ಎಂದು ಅದನ್ನೆತ್ತಿ ಅವರ ಮಡಿಲಿಗೇ ಹಾಕಬೇಕು. ಇಬ್ಬರೂ ಸೇರಿದರೆ ಒಂದು ಮಾತು. ನೆಲಕ್ಕಿಟ್ಟದ್ದನ್ನು ಎದುರಿನವರು ಬಗಲಿಗೆ ಹಾಕಿಕೊಂಡು ಹೊರಟುಹೋಗಲಿ ಎಂದು ಯಾರೂ ಇಡುವುದಿಲ್ಲ.

ಮುಲಾಮಕ್ಕ ತಲೆ ಬಗ್ಗಿಸಿಕೊಂಡು ಛೆ ಛೆಗಾಗಿ ಕಾದಳು. ಪುಟ್ಟಿ ಅತ್ತೆಯ ಮಾತನ್ನು ಒಂದಕ್ಷರ ಬಿಡದೆ ದಾಟಿಸಿದಳು. ಕೋಟಮ್ಮನ ಕಣ್ಣರಳಿತು. ಛೆ ಛೆ ಬರಲಿಲ್ಲ. ಬಂದದ್ದು ಬೇರೆ.

"ಅತ್ತೆ, ತುಂಬಾ ಚೆನ್ನಾಗಿತ್ತಂತೆ. ಮುಖಕ್ಕೆ ಬೆಳಕು ಸಾಲಲಿಲ್ವಂತೆ. ಇನ್ನೊಂದ್ಸಲ ಹೇಳ್ತೀರಾ?"

ಹೇಳಿದಳು. ಈ ಸಲ ಪಕ್ಕದ ಮನೆಯ ಕುಕ್ಕರ್ ಕೂಗಿತು. ಮತ್ತೊಮ್ಮೆ ಹೇಳಿಸಿದರು. ಮೂರನೆಯ ಸಲ ಆಕೆಯ ದನಿ ತಾನಾಗಿಯೇ ಸ್ವಲ್ಪ ನಡುಗಿತು, ಏಕೆಂದರೆ ಅಷ್ಟರಲ್ಲಿ ತಾಯಿಯ ನೆನಪು ಬಂದಿತ್ತು. ಕ್ಯಾಮೆರಾದವನು ಹೆಬ್ಬೆರಳೆತ್ತಿ ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಲಾಮಕ್ಕ ಕನ್ನಡಕಕ್ಕಾಗಿ ತಡಕಾಡಿದಳು.

ಆರು ತಿಂಗಳ ಮೇಲೆ ಪುಟ್ಟಿ ಡಬ್ಬಿ ತಂದಳು. ದುಂಡನೆಯ ತಗಡಿನ ಡಬ್ಬಿ, ಹಿಡಿದರೆ ಕೆಳಗಿಡಲು ಮನಸ್ಸಾಗದಂಥದ್ದು. ಮುಚ್ಚಳದ ಮೇಲೆ ಯಾವುದೋ ಮುದುಕಿಯ ಚಿತ್ರ, ಮುಖದ ತುಂಬ ಗೆರೆ. ಕೆಳಗೆ ಅವರ ಭಾಷೆಯಲ್ಲಿ ಒಂದು ಸಾಲು. ಸಾವಿರ ತಾಯಂದಿರ ಗುಟ್ಟು ಎಂದು ಅದರ ಅರ್ಥವಂತೆ. ಗ್ಲಿಸರಿನ್ ಅಲ್ಲಿ ಗಿಡಮೂಲಿಕೆಯ ಸಾರವಾಗಿತ್ತು. ಬಿಳಿಗಾರಕ್ಕೆ ಮಲೆಯ ಉಪ್ಪು ಎಂದು ಬಡ್ತಿ ಸಿಕ್ಕಿತ್ತು. ಮುಲಾಮಕ್ಕ ಭೂತಗನ್ನಡಿ ತಂದು ಡಬ್ಬಿಯ ಅಂಚು ಸುತ್ತಿದಳು, ಮುಚ್ಚಳ ತೆಗೆದು ಒಳಗೆ ನೋಡಿದಳು, ಮಗುಚಿ ತಳ ನೋಡಿದಳು. ತಳದಲ್ಲಿ ತಾರೀಖು ಇತ್ತು.

"ನನ್ನ ಹೆಸರೆಲ್ಲೇ ಪುಟ್ಟಿ?"

"ಒಬ್ಬರ ಹೆಸರು ಹಾಕಿದ್ರೆ ಅದು ಬರೀ ಕ್ರೀಮ್ ಆಗುತ್ತಂತೆ ಅತ್ತೆ. ಎಲ್ಲರದ್ದು ಅಂದ್ರೆ ಪರಂಪರೆ ಆಗುತ್ತಂತೆ. ಜನ ಅದನ್ನೇ ಕೇಳೋದಂತೆ."

"ಪರಂಪರೆಗೆ ಗೊತ್ತಿದ್ದಿದ್ರೆ ನಿಮ್ಮಜ್ಜಿ ಹಿಮ್ಮಡಿ ಯಾಕೆ ಹಾಗೆ ಒಡೀತಿತ್ತು?"

ಪುಟ್ಟಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ತಮ್ಮ ಮಾತಾಡಿದ. ಅವನು ಆಗಲೇ ಆ ಡಬ್ಬಿಗಳಿಗೆ ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಕಪಾಟು ಬಿಟ್ಟುಕೊಟ್ಟಿದ್ದ. ಈ ಭಾಗಕ್ಕೆಲ್ಲ ಅವನೇ ಡೀಲರು. ಅಕ್ಕನ ಹಳೆಯ ಡಬ್ಬಿಗಳನ್ನು ಇನ್ನು ಮಾರುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿದ್ದನ್ನು ಅಂದೇ ಹೇಳಿದ, ಅದೂ ನೀರು ಕುಡಿಯುವ ನಡುವೆ.

"ಬೀದಿಗೆಲ್ಲ ಗೊತ್ತಲ್ಲ ಅಕ್ಕ, ನೀನೇ ಮಾಡಿದ್ದು ಅಂತ. ಇನ್ನೇನು ಬೇಕು ನಿಂಗೆ ಈ ವಯಸ್ಸಲ್ಲಿ?"

ಬೇಕಾದದ್ದು ಏನೆಂದು ಆಕೆ ಒಂದು ಸಲ ಹೇಳಿಯಾಗಿತ್ತು. ಎರಡನೆಯ ಸಲ ಹೇಳುವುದು ಭಿಕ್ಷೆ ಬೇಡಿದಂತೆ ಅನ್ನಿಸಿತು. ಅಂದು ಆಕೆಗೆ ತಮ್ಮನ ಮೇಲೆ ಬಂದಷ್ಟು ಸಿಟ್ಟು ಕಂಪನಿಯ ಮೇಲೂ ಬರಲಿಲ್ಲ. ಊಟ ಬಿಡಲಿಲ್ಲ, ಅಳಲಿಲ್ಲ. ಹದಿನಾಲ್ಕೂ ನೋಟುಬುಕ್ಕನ್ನು ಕೈಚೀಲಕ್ಕೆ ತುಂಬಿಟ್ಟು, ಕೋಟಮ್ಮ ಮತ್ತೆ ಯಾವಾಗ ಬರುತ್ತಾಳೆ ಎಂದು ಮಾತ್ರ ಕೇಳಿದಳು.

ಕೋಟಮ್ಮ ಬಂದ ವಾರ ಅಕ್ಕ, ತಮ್ಮ, ಪುಟ್ಟಿ ಮೂವರೂ ಕಚೇರಿಗೆ ಹೋದರು. ಬಾಗಿಲಲ್ಲೇ ಗಾಜಿನ ಪೆಟ್ಟಿಗೆಯೊಂದರಲ್ಲಿ ತೊಗಲಿನ ರಟ್ಟಿನ ದಪ್ಪ ಪುಸ್ತಕ ತೆರೆದಿಟ್ಟಿದ್ದರು. ಪುಟಗಳಿಗೆ ಟೀ ಬಣ್ಣ, ಅಂಚು ಸುಟ್ಟಂತೆ. ಅದರಲ್ಲಿ ಅಚ್ಚುಕಟ್ಟಾಗಿ ಮುಲಾಮಿನ ಮೂರು ಸಾಲು ಬರೆದಿತ್ತು.

"ಇದು ಯಾರದ್ದೇ?"

"ನಮ್ಮ ಮನೆಯದ್ದಂತೆ ಅತ್ತೆ," ಎಂದಳು ಪುಟ್ಟಿ, ಪೆಟ್ಟಿಗೆಯ ಕಡೆ ನೋಡದೆ. "ನಿಮ್ಮ ನೋಟುಬುಕ್ಕಿನ ಹಿಂದೆ ಮಗ್ಗಿ ಇತ್ತಲ್ಲ, ಹಳೇದರ ಹಾಗೆ ಕಾಣಲ್ಲ ಅಂತ ಇದನ್ನ ಮಾಡಿಸಿದ್ರು."

ಗಾಜಿನ ಗೋಡೆಯ ಕೋಣೆಯಲ್ಲಿ ಕೋಟಮ್ಮ ಎದ್ದು ಬಂದು ಮುಲಾಮಕ್ಕನ ಕೈ ಹಿಡಿದುಕೊಂಡಳು. ತಾನೇ ಕುರ್ಚಿ ಎಳೆದುಕೊಟ್ಟಳು. ಡಬ್ಬಿಯ ಮೇಲೆ ಹೆಸರು ಬೇಕೆಂಬ ಬೇಡಿಕೆಯನ್ನು ಪುಟ್ಟಿ ದಾಟಿಸಿದಾಗ ಮುಖ ಸಿಂಡರಿಸಲಿಲ್ಲ, ಬೇಸರಪಟ್ಟವಳಂತೆ ತಲೆ ಓರೆ ಮಾಡಿದಳು, ಅಷ್ಟೆ. ಗೋಡೆಯ ಪರದೆಯ ಮೇಲೆ ವಿಡಿಯೋ ಹಾಕಿದಳು. ಕನ್ನಡಕವಿಲ್ಲದ ಮುದುಕಿಯೊಬ್ಬಳು ಬಿಸಿನೀರು ತಿರುಗಿಸುತ್ತ, ದನಿ ನಡುಗಿಸುತ್ತ, ನನ್ನದೇನಿದೆ ಇದರಲ್ಲಿ ಎನ್ನುತ್ತಿದ್ದಳು. ಅವಳು ಯಾರೋ ಎಂಬಂತೆ ಮುಲಾಮಕ್ಕ ನೋಡಿದಳು.

"ಅವರು ಅದನ್ನೇ ಹೇಳ್ತಿದಾರೆ ಅತ್ತೆ. ನೀವೇ ಹೇಳಿದ್ದೀರಿ, ಮೂರು ಸಲ."

"ಅದು ಮಾತಿಗೆ ಹೇಳಿದ್ದು ಕಣೇ. ನಿಂಗೆ ಗೊತ್ತಿಲ್ವಾ? ಹೇಳು ಅವರಿಗೆ."

ಪುಟ್ಟಿ ಹೇಳಿದಳು. ಕೋಟಮ್ಮ ಹುಬ್ಬೇರಿಸಿದಳು.

"ಹಾಗಾದ್ರೆ ಅವತ್ತು ಹೇಳಿದ್ದು ಸುಳ್ಳಾ ಅಂತ ಕೇಳ್ತಿದಾರೆ."

"ಸುಳ್ಳಲ್ಲ. ಮರ್ಯಾದೆ."

ಮರ್ಯಾದೆಗೆ ಪುಟ್ಟಿಯ ಹತ್ತಿರ ನಾಲ್ಕು ಪದಗಳಿದ್ದವು, ನಾಲ್ಕೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಯಾವುದೋ ಒಂದನ್ನು ಹೇಳಿದಳು. ಆಗ ಕೋಟಮ್ಮ ಪುಟ್ಟಿಯನ್ನೇ ನೆಟ್ಟಗೆ ನೋಡಿ ಏನೋ ಕೇಳಿದಳು. ಪುಟ್ಟಿ ಒಂದೇ ಪದದಲ್ಲಿ ಉತ್ತರ ಕೊಟ್ಟಳು.

"ಏನಂತೆ?" ಎಂದಳು ಮುಲಾಮಕ್ಕ.

"ಅವತ್ತು ನಾನು ದಾಟಿಸಿದ್ದು ಸರಿಯಾಗಿತ್ತಾ ಅಂತ ಕೇಳಿದ್ರು. ಸರಿಯಾಗಿತ್ತು ಅಂದೆ." ಪುಟ್ಟಿಯ ದನಿ ಸಣ್ಣದಾಯಿತು. "ತಪ್ಪಾಗಿತ್ತು ಅಂದ್ರೆ ನಾನಿಲ್ಲಿ ಯಾಕಿರಬೇಕು ಅತ್ತೆ?"

ಮುಲಾಮಕ್ಕ ಚೀಲ ಬಿಚ್ಚಿ ಹದಿನಾಲ್ಕು ನೋಟುಬುಕ್ಕನ್ನೂ ಮೇಜಿನ ಮೇಲೆ ಜೋಡಿಸಿದಳು. ಕೋಟಮ್ಮ ಒಂದೊಂದೇ ಪುಟ ಮಗುಚಿದಳು. ತೂಕ, ಬಿಸಿ, ತಾರೀಖು, ಕೆಟ್ಟಿತು, ಕೆಟ್ಟಿತು. ಅಕ್ಷರ ಮುದ್ದಾಗಿದೆ ಎಂದಳಂತೆ. ಇದೂ ಆ ಗಾಜಿನ ಪೆಟ್ಟಿಗೆಯಲ್ಲಿ ಇರಬಹುದಿತ್ತು ಎಂದಳಂತೆ. ಆಮೇಲೆ ನೋಟುಬುಕ್ಕು ಮುಚ್ಚಿ, ಪೆನ್ನು ತೆರೆದು, ಮುಲಾಮಕ್ಕನ ಮುಖ ನೋಡುತ್ತ ನಿಧಾನವಾಗಿ ಕೇಳಿದಳು.

"ಕೊನೇ ಸಲ ನಿಮ್ಮನ್ನೇ ಕೇಳ್ತಾರಂತೆ ಅತ್ತೆ. ಇದನ್ನ ಮಾಡಿದ್ದು ಯಾರು? ನೀವೀಗ ಹೇಳಿದ್ದನ್ನ ಇದ್ದ ಹಾಗೇ ಬರೆದು ಮೇಲಿನವರಿಗೆ ಕಳಿಸ್ತಾರಂತೆ. ಅವರು ಒಪ್ಪಿದ್ರೆ ಡಬ್ಬಿ ಮೇಲೆ ಹೆಸರು ಬರುತ್ತಂತೆ."

ಹೇಳಬೇಕಾದ ಮಾತು ಚಿಕ್ಕದು. ಆದರೂ ಮುಲಾಮಕ್ಕ ಮೊದಲು ನೋಟುಬುಕ್ಕುಗಳ ಅಂಚು ಸರಿಮಾಡಿದಳು. ಅರವತ್ತೆಂಟು ವರ್ಷದಲ್ಲಿ ಆ ಮಾತನ್ನು ಆಕೆ ಯಾರೆದುರಿಗೂ ಆಡಿದವಳಲ್ಲ. ಮನೆಯಲ್ಲಿ ಏನು ಮಾಡಿದರೂ ನಾವು ಮಾಡಿದೆವು ಎನ್ನಬೇಕು, ಲ್ಯಾಬಿನಲ್ಲಿ ಮೇಷ್ಟ್ರು ಮಾಡಿದರು ಎನ್ನಬೇಕು. ತನ್ನ ಹೊಗಳಿಕೆ ತನ್ನ ಬಾಯಲ್ಲೇ ಬಂದರೆ ನಾಲಿಗೆ ಸುಟ್ಟಂತೆ ಎಂದು ಬೆಳೆಸಿದ್ದರು. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸಿಟ್ಟು ಗೆದ್ದಿತು.

"ನಾನು," ಎಂದಳು. "ನಾನೊಬ್ಬಳೇ. ಯಾರೂ ಹೇಳಿಕೊಟ್ಟಿಲ್ಲ. ಹಿರಿಯರಿಗೂ ಗೊತ್ತಿರಲಿಲ್ಲ. ನಾನೇ ಮಾಡಿದ್ದು."

ಹೇಳಿಬಿಟ್ಟೆನಲ್ಲ ಎಂದು ಆಕೆಗೇ ಆಶ್ಚರ್ಯವಾಯಿತು. ಮೈ ಹಗುರಾಯಿತು.

ತಮ್ಮ ಕೆಮ್ಮಿದ. ಪುಟ್ಟಿ ಅಪ್ಪನ ಮುಖ ನೋಡಿದಳು, ಕುತ್ತಿಗೆಯ ಗುರುತುಪಟ್ಟಿಯನ್ನು ಬೆರಳಲ್ಲಿ ತಿರುವಿದಳು, ಆಮೇಲೆ ಕೋಟಮ್ಮನ ಕಡೆ ತಿರುಗಿ ದಾಟಿಸಿದಳು.

ಮುಲಾಮಕ್ಕನಿಗೆ ಆ ಭಾಷೆ ಬರುತ್ತಿರಲಿಲ್ಲ. ಆದರೆ ಮೂವತ್ತೊಂದು ವರ್ಷ ಲ್ಯಾಬಿನ ಪ್ರಯೋಗ ಪುಸ್ತಕಗಳ ಧೂಳು ಕೊಡವಿದವಳು. ಆ ಪುಸ್ತಕಗಳು ಆ ಭಾಷೆಯಲ್ಲೇ ಇದ್ದವು, ಮೇಷ್ಟ್ರು ಅವನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನಾವು ತೆಗೆದುಕೊಂಡೆವು, ನಾವು ಕಾಯಿಸಿದೆವು, ನಾವು ಗಮನಿಸಿದೆವು. ತೆಗೆದುಕೊಂಡವಳು, ಕಾಯಿಸಿದವಳು, ಗಮನಿಸಿದವಳು ಮೂಲೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದಳು. ಆ ಭಾಷೆಯ ಸಾವಿರ ಪದ ತಪ್ಪಿದರೂ ನಾವು ಎಂಬ ಪದ ಆಕೆಯ ಕಿವಿಗೆ ತಪ್ಪುವಂತಿರಲಿಲ್ಲ.

ಪುಟ್ಟಿಯ ಬಾಯಲ್ಲಿ ಬಂದದ್ದು ಆ ಪದವೇ. ಒಂದು ಸಲವಲ್ಲ, ಎರಡು ಸಲ. ಕೋಟಮ್ಮ ತಲೆಯಾಡಿಸುತ್ತ ಬರೆದುಕೊಂಡಳು.

"ಏನಂದೆ?" ಎಂದಳು ಮುಲಾಮಕ್ಕ.

"ನೀವು ಹೇಳಿದ್ದೇ ಅತ್ತೆ."

"ಪುಟ್ಟಿ. ನನ್ನ ಮುಖ ನೋಡಿ ಹೇಳು."

ಪುಟ್ಟಿ ನೋಡಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮುಲಾಮಕ್ಕನಿಗೆ ಅದು ಕಾಣಿಸಿತು, ಕಂಡರೂ ಅಯ್ಯೋ ಅನ್ನಿಸಲಿಲ್ಲ. ಹಾಗೆ ಅನ್ನಿಸದಿದ್ದದ್ದು ಬದುಕಿನಲ್ಲಿ ಅದೇ ಮೊದಲು.

ಆ ಭಾಷೆಯಲ್ಲಿ ನಾನು ಎನ್ನುವುದಕ್ಕೆ ಬೇಕಾದದ್ದು ಒಂದೇ ಅಕ್ಷರ. ನೆಟ್ಟಗೆ ನಿಂತ ಕಡ್ಡಿಯಂಥ ಅಕ್ಷರ. ಆಕೆಗೆ ಅದೂ ಗೊತ್ತಿತ್ತು. ಮುಲಾಮಕ್ಕ ಕುರ್ಚಿಯಿಂದ ಎದ್ದಳು. ಪುಟ್ಟಿಯನ್ನು ಬಿಟ್ಟು, ತಮ್ಮನನ್ನು ಬಿಟ್ಟು, ನೇರ ಕೋಟಮ್ಮನ ಕಡೆ ತಿರುಗಿ, ಅಂಗೈಯನ್ನು ಎದೆಗೆ ಬಡಿದುಕೊಂಡು ಆ ಒಂದಕ್ಷರವನ್ನು ಹೇಳಿದಳು. ಅರ್ಥವಾಗದೆ ಹೋದೀತೆಂದು ನೋಟುಬುಕ್ಕಿನ ಮೇಲೆ ಕೈಯಿಟ್ಟು ಮತ್ತೆ ಹೇಳಿದಳು. ದನಿ ಗಾಜಿನ ಗೋಡೆಯಾಚೆಗೂ ಕೇಳಿಸಿರಬೇಕು, ಅಲ್ಲಿ ಕೂತವರು ತಲೆಯೆತ್ತಿದರು.

ಕೋಟಮ್ಮ ಪೆನ್ನು ಕೆಳಗಿಟ್ಟಳು. ಅವಳ ಮುಖದ ತುಂಬ ನಗು ಹರಡಿತು, ಪ್ರೀತಿಯ ನಗುವೇ. ಎದ್ದು ಬಂದು ಮುಲಾಮಕ್ಕನ ಭುಜ ಬಳಸಿ, ಏನೋ ಒಂದು ಮಾತು ಹೇಳಿ, ದಾಟಿಸು ಎಂಬಂತೆ ಪುಟ್ಟಿಯ ಕಡೆ ನೋಡಿದಳು.

ಪುಟ್ಟಿ ಮೂಗೊರೆಸಿಕೊಂಡಳು.

"ನಿಮ್ಮ ಉಚ್ಚಾರಣೆ ತುಂಬಾ ಚೆನ್ನಾಗಿದೆ ಅಂತಿದಾರೆ ಅತ್ತೆ."